ಅತ್ತೆ ಕಂಡ ಕೆಂಪು ಗಿಂಡಿ

"ಅದೇನಮ್ಮಾ ಅದು, ತುಪ್ಪದ ಗಿಂಡಿ ಥರ ಕೆಂಪಗೆ ಹತ್ತಿತಲ್ಲ?"

ಸುಮನಹಳ್ಳಿ ಸೇತುವೆ ಇಳಿದು ಬ್ರೇಕ್ ಹಾಕಿದಾಗ ಪಕ್ಕದ ಸೀಟಿನಿಂದ ಅತ್ತೆ ಕೇಳಿದರು. ನಾನು ಮೀಟರ್ ಕಡೆ ನೋಡುವಷ್ಟರಲ್ಲಿ ಆರಿಹೋಗಿತ್ತು. ಅಲ್ಲಿ ಉರಿಯುತ್ತಿದ್ದದ್ದು ಎಂಜಿನ್ ಚಿತ್ರದ ಹಳದಿ ದೀಪ ಒಂದೇ. ಅದು ಎಂಟು ತಿಂಗಳಿಂದ ಹಾಗೇ ಇತ್ತು. "ಏನಿಲ್ಲ ಅತ್ತೆ, ಸೆನ್ಸರ್ ತೊಂದರೆ. ಯಾವಾಗ್ಲೂ ಹಾಗೇ ಇರುತ್ತೆ" ಅಂದೆ.

ಅವರು ಮತ್ತೆ ಕೇಳಲಿಲ್ಲ. ಕಾರಿನ ವಿಷಯ ನನಗೆ ಗೊತ್ತಿರುತ್ತೆ ಅಂತ ನಂಬಿದ್ದರು. ಅಲ್ಲಿಂದ ಮುಂದೆ ಹತ್ತು ಕಿಲೋಮೀಟರ್‌ಗೂ ಜಾಸ್ತಿ ಓಡಿಸಿದೆ. ನಮ್ಮ ಎಂಜಿನ್ ಹಾಳಾಗಿದ್ದು ಆ ಹತ್ತು ಕಿಲೋಮೀಟರಿನಲ್ಲಿ.

ಕಾರು 2015ರದ್ದು. 1.2 ಲೀಟರಿನ ಸಣ್ಣ ಪೆಟ್ರೋಲ್ ಕಾರು. ನಾಗರಬಾವಿಯಿಂದ ರಾಜಾಜಿನಗರದ ಆಫೀಸಿಗೆ, ವಾರಕ್ಕೊಮ್ಮೆ ಯಶವಂತಪುರದ ಮಾರುಕಟ್ಟೆಗೆ, ತಿಂಗಳಿಗೊಮ್ಮೆ ಊರಿಗೆ. ಎಂಟು ವರ್ಷ ಒಂದು ದಿನವೂ ನಡುರಸ್ತೆಯಲ್ಲಿ ಕೈಕೊಟ್ಟಿರಲಿಲ್ಲ. ಹಳದಿ ದೀಪ ಹತ್ತಿದ ಹೊಸದರಲ್ಲಿ ನಾನು ಸುಮ್ಮನೆ ಕೂತಿರಲಿಲ್ಲ. ಮನೆ ಹತ್ತಿರದ ಗ್ಯಾರೇಜಿಗೆ ಹೋಗಿ ಸ್ಕ್ಯಾನರ್ ಹಾಕಿಸಿದ್ದೆ. ಪಿ0141 ಅನ್ನೋ ಕೋಡ್ ಬಂತು. ಸೈಲೆನ್ಸರ್ ಪೈಪಿನಲ್ಲಿರುವ ಎರಡನೇ ಆಕ್ಸಿಜನ್ ಸೆನ್ಸರ್‌ನ ಹೀಟರ್ ಕೆಲಸ ಮಾಡುತ್ತಿಲ್ಲ ಅಂತ ಅದರ ಅರ್ಥ. "ತಕ್ಷಣಕ್ಕೆ ಎಂಜಿನ್‌ಗೆ ಏನೂ ಆಗಲ್ಲ ಮೇಡಂ, ಆದ್ರೆ ಹಾಕಿಸ್ಕೊಳ್ಳಿ" ಅಂದಿದ್ದರು. ಸೆನ್ಸರ್‌ಗೆ ಸುಮಾರು 3,800 ರೂಪಾಯಿ. ಮುಂದಿನ ತಿಂಗಳು ನೋಡೋಣ ಅಂದುಕೊಂಡೆ. ಶಾಲೆ ಫೀಸು ಬಂತು, ಹಬ್ಬ ಬಂತು. ಮೈಲೇಜ್ ಸರಿಯಾಗಿಯೇ ಇತ್ತು. ದೀಪ ಉರಿಯುತ್ತಲೇ ಉಳಿಯಿತು.

3,800 ರೂಪಾಯಿ ಉಳಿಸಿದ್ದಕ್ಕೆ ಆದ ನಷ್ಟ ಏನು ಅಂತ ಈಗ ಗೊತ್ತಾಗಿದೆ. ಆ ಸೆನ್ಸರ್ ಎಂಜಿನ್ ಕೆಡಿಸಲಿಲ್ಲ, ನಿಜ. ಆದರೆ ಎಂಟು ತಿಂಗಳು ದಿನಾ ಒಂದು ಎಚ್ಚರಿಕೆ ದೀಪ ನೋಡಿ, ಏನೂ ಆಗದೆ ಮನೆ ತಲುಪಿ, ಅಲ್ಲಿ ಏನು ಹತ್ತಿದರೂ ಪರವಾಗಿಲ್ಲ ಅಂತ ನನ್ನ ಕಣ್ಣಿಗೆ ರೂಢಿಯಾಗಿತ್ತು. ಅತ್ತೆಗೆ ಆ ರೂಢಿ ಇರಲಿಲ್ಲ. ಅದಕ್ಕೇ ಅವರಿಗೆ ಗಿಂಡಿ ಕಂಡಿತು.

ಅದಕ್ಕೂ ಎರಡು ವಾರ ಮೊದಲಿನ ಮಾತು ಹೇಳಬೇಕು. ನಮ್ಮ ಬಡಾವಣೆಯ ಅಡ್ಡರಸ್ತೆಯಲ್ಲಿ ಪೈಪ್ ಹಾಕಲು ಅಗೆದು, ಮುಚ್ಚಿದ ಮೇಲೆ ಒಂದು ಹಂಪ್ ಎಬ್ಬಿಸಿದ್ದರು. ಬಣ್ಣ ಇಲ್ಲ, ಬೋರ್ಡ್ ಇಲ್ಲ. ರಾತ್ರಿ ಮಳೆಯಲ್ಲಿ ಬರುವಾಗ ಕಾರಿನ ಹೊಟ್ಟೆಗೆ ಕರ್ ಅಂತ ಬಡಿಯಿತು. ಇಳಿದು ಟಾರ್ಚ್ ಹಾಕಿ ನೋಡಿದೆ. ಮಳೆನೀರಲ್ಲಿ ಏನೂ ಕಾಣಲಿಲ್ಲ. ಕಾರು ಮಾಮೂಲಿನಂತೆಯೇ ಓಡಿತು. ಮರೆತೆ.

ಮೂರು ನಾಲ್ಕು ದಿನ ಆದ ಮೇಲೆ ಬೆಳಗ್ಗೆ ರಂಗೋಲಿ ಹಾಕುವಾಗ ಗೇಟಿನ ಪಕ್ಕ ಕಪ್ಪು ಹನಿಗಳು ಕಂಡವು. ಒಂದು ರೂಪಾಯಿ ನಾಣ್ಯದಷ್ಟು ಅಗಲ. ಎದುರು ಮನೆಗೆ ನೀರಿನ ಕ್ಯಾನ್ ತರುವ ಗಾಡಿಯದ್ದು ಅಂದುಕೊಂಡೆ. ಸೋಪಿನ ಪುಡಿ ಹಾಕಿ ಉಜ್ಜಿದೆ. ಮಾರನೇ ದಿನ ಮತ್ತೆ ಇತ್ತು. ಮತ್ತೆ ಉಜ್ಜಿದೆ. ನನ್ನ ಕಾರಿನ ಎಂಜಿನ್ ಎಣ್ಣೆಯನ್ನು ನಾನೇ ಪ್ರತಿದಿನ ತೊಳೆದು ಚರಂಡಿಗೆ ಬಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಕಾರ್ತಿಕ ಮಾಸದ ಒಂದು ಭಾನುವಾರ. ತುಮಕೂರಿನಲ್ಲಿ ಅತ್ತೆಯ ತಂಗಿಯ ಮೊಮ್ಮಗಳ ನಾಮಕರಣ. ನಮ್ಮನೆಯವರು ಹಿಂದಿನ ದಿನವೇ ಹೋಗಿದ್ದರು. ನಾನು, ಅತ್ತೆ ಏಳು ಗಂಟೆಗೆ ಹೊರಟೆವು. ಸುಮನಹಳ್ಳಿಯಲ್ಲಿ ಮಿನುಗಿದ ದೀಪ ಲಗ್ಗೆರೆ ಹತ್ತಿರ ಮತ್ತೆ ಬಂತಂತೆ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತಾಗ ನನಗೂ ಕಂಡಿತು. ಈ ಸಲ ನಿಂತಿರುವಷ್ಟು ಹೊತ್ತೂ ಆರಲಿಲ್ಲ. ಹಸಿರು ಬಿದ್ದು ಆಕ್ಸಿಲರೇಟರ್ ಒತ್ತಿದ ಕೂಡಲೇ ಆರಿತು. ಆರಿತಲ್ಲ ಅಂತ ಸಮಾಧಾನ ಮಾಡಿಕೊಂಡು ಎಡಕ್ಕೆ ತಿರುಗಿ ಪೀಣ್ಯದ ಮೇಲ್ಸೇತುವೆ ಹತ್ತಿದೆ.

ಸೇತುವೆ ಮೇಲೆ ಅರ್ಧ ದಾರಿಯಲ್ಲಿ ಸದ್ದು ಶುರುವಾಯಿತು. ಮೊದಲು ಟಿಕ್ ಟಿಕ್ ಅಂತ, ಹೊಲಿಗೆ ಮಿಷನ್ ಥರ. ಆಮೇಲೆ ಕಬ್ಬಿಣದ ಮೇಲೆ ಸುತ್ತಿಗೆ ಬಡಿದ ಹಾಗೆ ಟಕ ಟಕ ಟಕ. ವೇಗ ಹೆಚ್ಚಿದರೆ ಸದ್ದೂ ಹೆಚ್ಚು. ಗಿಂಡಿ ಈಗ ಉರಿದೇ ಇತ್ತು. ಹಿಂದೆ ಬಸ್ಸು, ಪಕ್ಕದಲ್ಲಿ ಹೆಚ್ಚು ಜಾಗ ಇಲ್ಲ. ಸೇತುವೆ ಇಳಿದುಬಿಡೋಣ ಅಂದುಕೊಂಡೆ. ಇಳಿಜಾರಿನಲ್ಲಿ ಎಂಜಿನ್ ತಾನಾಗಿಯೇ ನಿಂತಿತು.

ಎಂಜಿನ್ ನಿಂತರೆ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಗುತ್ತೆ. ಬ್ರೇಕ್ ಒಂದೆರಡು ಸಲ ಒತ್ತುವಷ್ಟರಲ್ಲಿ ಗಟ್ಟಿಯಾಗುತ್ತೆ. ಇದು ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಎಪ್ಪತ್ತೆರಡು ವರ್ಷದ ಅತ್ತೆ. ಎರಡೂ ಕೈಯಲ್ಲಿ ಸ್ಟೀರಿಂಗ್ ಎಳೆದು, ಎರಡೂ ಕಾಲಲ್ಲಿ ಬ್ರೇಕ್ ಒತ್ತಿ, ಸೇತುವೆ ಮುಗಿದ ಮೇಲೆ ಎಡಬದಿಗೆ ತಂದು ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟು, "ನೀರು ಕುಡಿ ಮೊದಲು" ಅಂದರು. ಕೀ ತಿರುಗಿಸಿದರೆ ಒಂದೇ ಟಕ್. ಎಂಜಿನ್ ಅಲ್ಲಾಡಲಿಲ್ಲ.

ಅತ್ತೆಯನ್ನು ಬೇರೆ ಟ್ಯಾಕ್ಸಿ ಹತ್ತಿಸಿ ಕಳಿಸಲು ನೋಡಿದೆ. ಒಪ್ಪಲಿಲ್ಲ. "ನಿನ್ನ ಒಬ್ಬಳನ್ನೇ ರಸ್ತೇಲಿ ಬಿಟ್ಟು ಯಾವ ನಾಮಕರಣ" ಅಂದರು. ಟೋಯಿಂಗ್ ಗಾಡಿ ಬರುವವರೆಗೆ ಎರಡು ಗಂಟೆ ಒಂದು ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದೆವು. ಮಗುವಿಗೆ ತಂದಿದ್ದ ಬೆಳ್ಳಿ ಕಾಲಂದುಗೆಯ ಪುಟ್ಟ ಡಬ್ಬಿ ಅವರ ಮಡಿಲಲ್ಲೇ ಇತ್ತು.

ಮೊದಲು ಕಾರು ಹೋಗಿದ್ದು ಕಂಪನಿ ಸರ್ವಿಸ್ ಸೆಂಟರಿಗೆ. ಎರಡು ದಿನ ಬಿಟ್ಟು ಎಸ್ಟಿಮೇಟ್ ಕೊಟ್ಟರು. ಕೆಳಗಿನ ಅರ್ಧ ಎಂಜಿನ್ ಪೂರ್ತಿ ಹೊಸದು, ಲೇಬರ್ ಸೇರಿ 1,38,000 ರೂಪಾಯಿ. ಎಂಜಿನ್ ನಂಬರ್ ಕೊರೆದಿರುವ ಬ್ಲಾಕ್ ಬದಲಾದರೆ ಆ ನಂಬರೂ ಬದಲಾಗುತ್ತೆ, ಆರ್‌ಟಿಒದಲ್ಲಿ ತಿಳಿಸಿ ಆರ್‌ಸಿಯಲ್ಲೂ ಬದಲಿಸಬೇಕು ಅಂದರು. ಆ ಕಾರು ಮಾರಿದರೂ ಮೂರು ಲಕ್ಷ ಬರುವುದು ಕಷ್ಟ.

ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯ ಇತ್ತು. ಹಂಪ್ ತಾಗಿದ್ದು ಅಪಘಾತವೇ ಅಲ್ವಾ? ಸರ್ವೇಯರ್ ಬಂದು ನೋಡಿ, ಎಂಜಿನ್ ತಳದಲ್ಲಿ ಎಣ್ಣೆ ತುಂಬಿರುವ ಚೇಂಬರ್‌ಗೆ ಪೆಟ್ಟಾಗಿದ್ದನ್ನು ಒಪ್ಪಿಕೊಂಡರು. ಎಂಜಿನ್‌ಗೆ ಒಪ್ಪಲಿಲ್ಲ. ಸಿಟ್ಟು ಬಂತು. ರಾತ್ರಿ ಕೂತು ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದೆ. ಯಂತ್ರದ ಒಳಗಿನ ಕೆಡುಕು ಸಾಮಾನ್ಯ ಪಾಲಿಸಿಗೆ ಸೇರುವುದಿಲ್ಲ. ಇನ್ನೊಂದು ಷರತ್ತೂ ಇತ್ತು. ಅಪಘಾತವೋ ಬ್ರೇಕ್‌ಡೌನೋ ಆದ ಮೇಲೆ ರಿಪೇರಿ ಮಾಡಿಸದೆ ಗಾಡಿ ಓಡಿಸಿದರೆ, ಅದರಿಂದ ಹೆಚ್ಚಾಗುವ ಹಾನಿ ಪೂರ್ತಿ ಮಾಲೀಕರದ್ದೇ. ಆ ಸಾಲನ್ನು ಮೂರು ಸಲ ಓದಿದೆ. ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಸೇರ್ಪಡೆ ಸಿಗುತ್ತೆ, ಹಣ ಉಳಿಸಲು ನಾನು ತೆಗೆದುಕೊಂಡಿರಲಿಲ್ಲ. ಅದಿದ್ದರೂ ದೀಪ ಹತ್ತಿದ ಮೇಲೆ ಓಡಿಸಿದ್ದಕ್ಕೆ ತಕರಾರು ಬರುತ್ತಿತ್ತು ಅಂತ ಸರ್ವೇಯರ್ ಮೊದಲೇ ಹೇಳಿದ್ದರು.

ಕೊನೆಗೆ ಕಾರು ಬಂದಿದ್ದು ನಮ್ಮ ಹಳೇ ಗ್ಯಾರೇಜಿಗೇ. ಅಲ್ಲಿನ ಮೆಕ್ಯಾನಿಕ್‌ನ ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ. ಅವರು ಬಾನೆಟ್ ಎತ್ತಿ, ಎಣ್ಣೆಯ ಮಟ್ಟ ನೋಡುವ ಕಡ್ಡಿ ಡಿಪ್‌ಸ್ಟಿಕ್ ಎಳೆದು ನನ್ನ ಕೈಗೆ ಕೊಟ್ಟರು. ತುದಿ ಒಣಗಿತ್ತು. ಕೆಳಗಿನ ಗುರುತಿಗೂ ಎಣ್ಣೆ ಇಲ್ಲ. ಆಮೇಲೆ ಕೆಳಗೆ ಟ್ರೇ ಇಟ್ಟು ಬೋಲ್ಟ್ ಬಿಚ್ಚಿದರು. 3 ಲೀಟರ್‌ಗಿಂತ ಜಾಸ್ತಿ ಇರಬೇಕಾದ ಕಡೆ ಮುಕ್ಕಾಲು ಲೀಟರ್ ಬಂತು. ಅದನ್ನು ಬಿಸಿಲಿಗೆ ಹಿಡಿದರೆ ಒಳಗೆಲ್ಲ ಮಿಣಮಿಣ ಮಿಂಚು, ಜರಿ ಸೀರೆಯ ಪುಡಿ ಉದುರಿದ ಹಾಗೆ.

"ಇದು ನಿಮ್ಮ ಬೇರಿಂಗ್ ಮೇಡಂ" ಅಂದರು ಭಾಯ್.

ಆ ಕೆಂಪು ಗಿಂಡಿ ಎಣ್ಣೆ ಕಡಿಮೆಯಾಗಿದೆ ಅಂತ ಹೇಳುವ ದೀಪ ಅಂತ ನಾನು ತಿಳಿದಿದ್ದೆ. ಎಣ್ಣೆ ಹಾಕಿಸೋಕೆ ನೆನಪು ಮಾಡೋದು ಅಷ್ಟೇ, ಪೆಟ್ರೋಲ್ ರಿಸರ್ವ್ ದೀಪದ ಹಾಗೆ. ಬಹಳ ಜನ ಹಾಗೇ ತಿಳಿದಿರುತ್ತಾರೆ. ಭಾಯ್ ಹೇಳಿದ್ದು ಬೇರೆ. ನಮ್ಮ ಕಾರಿನಂಥ ಗಾಡಿಗಳಲ್ಲಿ ಅದು ಎಣ್ಣೆಯ ಮಟ್ಟ ಅಳೆಯುವುದೇ ಇಲ್ಲ. ಎಣ್ಣೆಯ ಒತ್ತಡ ಬಿದ್ದುಹೋದಾಗ ಮಾತ್ರ ಹತ್ತುತ್ತೆ. ಎಂಜಿನ್ ಒಳಗೆ ತಿರುಗುವ ಉಕ್ಕಿನ ದಂಡ, ಅಂದರೆ ಕ್ರ್ಯಾಂಕ್, ಮತ್ತು ಅದು ಕೂರುವ ಬೇರಿಂಗ್ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಸಂದು. ಪಂಪ್ ಒತ್ತಡದಿಂದ ಎಣ್ಣೆ ಕಳಿಸುತ್ತಿದ್ದರೆ ಆ ಸಂದಿನಲ್ಲಿ ಎಣ್ಣೆಯ ಪದರ ನಿಲ್ಲುತ್ತೆ, ಲೋಹಕ್ಕೆ ಲೋಹ ತಾಗುವುದಿಲ್ಲ. ಒತ್ತಡ ಹೋದರೆ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ಸುತ್ತುವ ಉಕ್ಕು ಒಣ ಲೋಹವನ್ನೇ ಉಜ್ಜುತ್ತೆ. ದೀಪ ಹತ್ತಿತು ಅಂದರೆ ಆ ಉಜ್ಜಾಟ ಶುರುವಾಗಿರಬಹುದು ಅಂತಲೇ ಅರ್ಥ.

ಬ್ರೇಕ್ ಹಾಕಿದಾಗ ಮಾತ್ರ ಯಾಕೆ ಮಿನುಗಿತು ಅಂತ ಕೇಳಿದೆ. ಚೇಂಬರಿನ ತಳದಲ್ಲಿ ಪಂಪ್ ಎಣ್ಣೆ ಹೀರುವ ಒಂದು ಜರಡಿ ಇರುತ್ತೆ. ಎಣ್ಣೆ ಕಡಿಮೆ ಇದ್ದಾಗ ಬ್ರೇಕ್ ಹಾಕಿದರೆ, ತಿರುವು ತೆಗೆದರೆ ಎಣ್ಣೆ ಒಂದು ಕಡೆ ಸರಿಯುತ್ತೆ. ಜರಡಿ ಗಾಳಿ ಹೀರುತ್ತೆ. ಸಾರು ತಳ ಮುಟ್ಟಿದಾಗ ಪಾತ್ರೆ ಓರೆ ಮಾಡಿದರೆ ಸೌಟು ಖಾಲಿ ಬರುವುದಿಲ್ಲವೇ, ಹಾಗೆ. ಸಿಗ್ನಲ್‌ನಲ್ಲಿ ನಿಂತಾಗ ಹತ್ತಿ, ಆಕ್ಸಿಲರೇಟರ್ ಒತ್ತಿದಾಗ ಆರಿದ್ದು ಪಂಪ್ ಜೋರಾಗಿ ತಿರುಗಿದ್ದಕ್ಕೆ. ಸರಿಹೋಯಿತು ಅಂತ ನಾನು ತಿಳಿದುಕೊಂಡ ಕ್ಷಣದಲ್ಲಿ ಏನೂ ಸರಿಹೋಗಿರಲಿಲ್ಲ. ಸುಮನಹಳ್ಳಿಯಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದ್ದರೆ ಏನಾಗುತ್ತಿತ್ತು ಅಂತ ಕೇಳುವ ಧೈರ್ಯ ನನಗೆ ಮಾರನೇ ದಿನ ಬಂತು. ಚೇಂಬರ್ ಬದಲಿಸಿ, ಹೊಸ ಎಣ್ಣೆ, ಫಿಲ್ಟರ್ ಹಾಕಿದ್ದರೆ ಬಹುಶಃ ಮುಗಿಯುತ್ತಿತ್ತು, ಏಳೆಂಟು ಸಾವಿರ ಅಂದರು.

ಎಂಜಿನ್ ಕೆಳಗಿಳಿಸಲು ಒಂದು ದಿನ, ಬಿಚ್ಚಲು ಒಂದು ದಿನ ಹಿಡಿಯಿತು. ಎರಡನೇ ದಿನ ನಾನು ರಜೆ ಹಾಕಿ ಅಲ್ಲೇ ಇದ್ದೆ. ನನ್ನ ಕಣ್ಣಾರೆ ನೋಡಬೇಕಿತ್ತು. ಬೇರಿಂಗ್ ಅಂದರೆ ನಾನು ಗುಂಡುಗಳಿರುವ ಚಕ್ರ ಅಂದುಕೊಂಡಿದ್ದೆ. ಅಲ್ಲ. ಅರ್ಧ ಬಳೆಯಂತೆ ಬಾಗಿದ ತೆಳು ತಗಡು. ಚೆನ್ನಾಗಿರುವುದು ಬೂದು ಬೆಳ್ಳಿ ಬಣ್ಣದಲ್ಲಿ ನುಣ್ಣಗಿರುತ್ತೆ. ನಮ್ಮದರಲ್ಲಿ ಮೇಲಿನ ಪದರ ಕಿತ್ತು ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಮೂರನೇ ಸಿಲಿಂಡರಿನದು ಕೂರಬೇಕಾದ ಜಾಗ ಬಿಟ್ಟು ಸುತ್ತಿಬಿಟ್ಟಿತ್ತು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಅದರ ಕನೆಕ್ಟಿಂಗ್ ರಾಡ್ ಸುಟ್ಟು ನೀಲಿಯಾಗಿತ್ತು.

ಭಾಯ್ ಕ್ರ್ಯಾಂಕನ್ನು ಬಟ್ಟೆಯಿಂದ ಒರೆಸಿ, "ಉಗುರು ಇಟ್ಟು ಎಳೀರಿ" ಅಂದರು. ಕ್ರ್ಯಾಂಕಿನ ಮೇಲೆ ಬೇರಿಂಗ್ ಕೂರುವ ದುಂಡನೆಯ ಭಾಗಕ್ಕೆ ಜರ್ನಲ್ ಅಂತಾರೆ. ಮೊದಲನೇ ಜರ್ನಲ್ ಮೇಲೆ ಹೆಬ್ಬೆರಳಿನ ಉಗುರು ಗಾಜಿನ ಮೇಲೆ ಜಾರಿದಂತೆ ಜಾರಿತು. ಮೂರನೆಯದರ ಮೇಲೆ ತಡೆಯಿತು. ಗೀರು, ಮತ್ತೆ ಗೀರು, ಮತ್ತೆ. ಹಳೇ ಗ್ರಾಮೋಫೋನ್ ತಟ್ಟೆಯ ಮೇಲೆ ಎಳೆದ ಹಾಗೆ. ಉಗುರು ತಡೆದರೆ ಪಾಲಿಶ್ ಸಾಲದು, ಗ್ರೈಂಡಿಂಗ್ ಬೇಕು. ಆ ಗೀರುಗಳನ್ನು ಬೆರಳಿನಲ್ಲಿ ಮುಟ್ಟಿದ ಮೇಲೆ ನನಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

ಕಲಾಸಿಪಾಳ್ಯದ ಕಡೆ ಒಂದು ಲೇತ್ ಅಂಗಡಿಗೆ ಕ್ರ್ಯಾಂಕನ್ನು ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ಒಯ್ದರು. ನಾನೂ ಹೋದೆ. ಅಲ್ಲಿನ ಯಜಮಾನರು ಮೈಕ್ರೋಮೀಟರ್ ಹಿಡಿದು ಒಂದೊಂದು ಜರ್ನಲನ್ನೂ ನಾಲ್ಕು ಕಡೆ ಅಳೆದು ಸೀಮೆಸುಣ್ಣದಲ್ಲಿ ಬರೆದುಕೊಂಡರು. 0.25 ಮಿಲಿಮೀಟರ್ ತೆಗೆದರೆ ಗೀರು ಹೋಗಲ್ಲ, 0.50 ತೆಗೆಯಬೇಕು ಅಂದರು. ಕ್ರ್ಯಾಂಕ್ ಎಷ್ಟು ಸಣ್ಣಗಾಗುತ್ತೋ ಅದಕ್ಕೆ ತಕ್ಕಂತೆ ಹೆಚ್ಚು ದಪ್ಪದ ಬೇರಿಂಗ್ ಹಾಕಬೇಕು. ಕೆಲವು ಹೊಸ ಎಂಜಿನ್‌ಗಳಿಗೆ ಆ ಅಳತೆಯ ಬೇರಿಂಗ್ ಸಿಗುವುದೇ ಇಲ್ಲ, ಆಗ ಕ್ರ್ಯಾಂಕೇ ಹೊಸದಾಗಬೇಕು. ಹಾಗಾಗಿ ಗ್ರೈಂಡಿಂಗ್ ಶುರು ಮಾಡುವ ಮೊದಲೇ ಬೇರಿಂಗ್ ತಂದು ತೋರಿಸಿ ಅಂದರು. ಜೆ.ಸಿ. ರಸ್ತೆಯಲ್ಲಿ ಆರು ಅಂಗಡಿ ಹತ್ತಿ ಇಳಿದೆವು. ಏಳನೆಯದರಲ್ಲಿ ಒಂದೇ ಒಂದು ಸೆಟ್ ಇತ್ತು. ಆ ಪೆಟ್ಟಿಗೆ ಕೈಗೆ ಬಂದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಗ್ರೈಂಡಿಂಗ್ ಕಲ್ಲು ತಿರುಗುತ್ತಾ ಹಾಲಿನಂಥ ಬಿಳಿ ನೀರು ಸುರಿಯುತ್ತಾ ಇರುತ್ತೆ. ಯಜಮಾನರು ಮಧ್ಯೆ ಮಧ್ಯೆ ನಿಲ್ಲಿಸಿ ಅಳೆಯುತ್ತಿದ್ದರು. ಹೊರಗೆ ಕಲಾಸಿಪಾಳ್ಯದ ಬಸ್ಸುಗಳ ಗದ್ದಲ. ಒಳಗೆ ಅವರು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಇಂಥ ಕೈಗಳು ಈ ಊರಿನಲ್ಲಿ ಇನ್ನೂ ಇರುವುದರಿಂದಲೇ ನಮ್ಮಂಥವರ ಕಾರುಗಳು ಗುಜರಿಗೆ ಹೋಗದೆ ಉಳಿದಿವೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಒಂದು ಹೊಸ ಕನೆಕ್ಟಿಂಗ್ ರಾಡ್, ಹೊಸ ಆಯಿಲ್ ಪಂಪ್, ಹೊಸ ಚೇಂಬರ್, ರಿಂಗ್ ಸೆಟ್, ಪೂರ್ತಿ ಗ್ಯಾಸ್ಕೆಟ್ ಕಿಟ್. ಬ್ಲಾಕ್ ಉಳಿಯಿತು, ಹಾಗಾಗಿ ಎಂಜಿನ್ ನಂಬರ್ ತಾಪತ್ರಯ ಇಲ್ಲ. ಲೋಹದ ಪುಡಿ ಎಣ್ಣೆ ಓಡಾಡುವ ಎಲ್ಲ ದಾರಿಯಲ್ಲೂ ಸೇರಿರುತ್ತೆ, ಕ್ರ್ಯಾಂಕಿನ ಒಳಗಿನ ತೂತುಗಳಲ್ಲೂ. ಅದನ್ನು ತೊಳೆಯದೆ ಜೋಡಿಸಿದರೆ ಹೊಸ ಬೇರಿಂಗೂ ಬೇಗ ಹೋಗುತ್ತೆ. ಭಾಯ್ ಹುಡುಗರು ಅರ್ಧ ದಿನ ಬ್ರಶ್, ಸೀಮೆಎಣ್ಣೆ, ಗಾಳಿ ಹಿಡಿದು ಬರೀ ತೊಳೆದರು. ಎಲ್ಲ ಸೇರಿ 64,300 ರೂಪಾಯಿ, ಹತ್ತೊಂಬತ್ತು ದಿನ. ಹಳದಿ ದೀಪದ ಸೆನ್ಸರೂ ಅದರಲ್ಲೇ ಸೇರಿತ್ತು. ಅದನ್ನು ಹಾಕಲೇಬೇಕು ಅಂತ ಈ ಸಲ ನಾನೇ ಹೇಳಿದೆ.

ಆ ದಿನಗಳಲ್ಲಿ ಭಾಯ್ ಹತ್ತಿರ ಕೂತು ಉಳಿದ ದೀಪಗಳನ್ನೂ ಕೇಳಿ ತಿಳಿದುಕೊಂಡೆ. ಎಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಉರಿದರೆ ಆ ವಾರ ತೋರಿಸಬೇಕು. ಅದೇ ದೀಪ ಮಿಣುಕುತ್ತಿದ್ದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತೆ. ಆಗ ನಿಧಾನ ಮಾಡಿ, ಬೇಗ ನಿಲ್ಲಿಸಬೇಕು. ನೀರಲ್ಲಿ ನಿಂತ ಥರ್ಮಾಮೀಟರಿನ ಕೆಂಪು ದೀಪಕ್ಕೂ ಗಿಂಡಿಯಷ್ಟೇ ಬೆಲೆ ಕೊಡಬೇಕು. ಎಷ್ಟೋ ಕಾರುಗಳಲ್ಲಿ ಈಗ ಬಿಸಿ ತೋರಿಸುವ ಮುಳ್ಳೇ ಇಲ್ಲ, ತಣ್ಣಗಿದ್ದಾಗ ನೀಲಿ, ಕಾದಾಗ ಕೆಂಪು, ಅಷ್ಟೇ. ಕೆಂಪಾದ ಮೇಲೂ ಓಡಿಸಿದರೆ ಎಂಜಿನ್ನಿನ ಮೇಲ್ಭಾಗದ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗುತ್ತೆ. ನಿಲ್ಲಿಸಿದ ಕೂಡಲೇ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬಾರದು. ಕುದಿಯುವ ನೀರು ಮುಖಕ್ಕೇ ಹಾರುತ್ತೆ. ಭಾಯ್ ತಮ್ಮ ಮುಂಗೈ ಮೇಲಿನ ಹಳೇ ಸುಟ್ಟ ಗಾಯ ತೋರಿಸಿದರು.

ಈಗ ಪ್ರತಿ ಭಾನುವಾರ ಬೆಳಗ್ಗೆ ಗಾಡಿ ತೆಗೆಯುವ ಮೊದಲು ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಇಳಿಸಿ ನೋಡುತ್ತೇನೆ. ಕಾರು ಸಮತಟ್ಟಾದ ಕಡೆ ನಿಂತಿರಬೇಕು, ಎಂಜಿನ್ ತಣ್ಣಗಿರಬೇಕು. ಎರಡು ನಿಮಿಷದ ಕೆಲಸ. ರಾತ್ರಿ ಕಾರಿನ ಕೆಳಗೆ ಒಂದು ಹಳೇ ರಟ್ಟು ಹಾಸಿರುತ್ತೇನೆ. ಬೆಳಗ್ಗೆ ರಂಗೋಲಿಗೆ ಹೊರಬಂದಾಗ ಮೊದಲು ಅದನ್ನು ಎಳೆದು ನೋಡುವುದು.

ಎಂಜಿನ್ ಜೋಡಿಸಿ ಮುಗಿದ ಸಂಜೆ ಭಾಯ್ ನನಗೆ ಫೋನ್ ಮಾಡಿದ್ದರು. "ಬನ್ನಿ ಮೇಡಂ, ನೀವೇ ಕೀ ತಿರುಗಿಸಬೇಕು." ಸ್ಪಾರ್ಕ್ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿಟ್ಟಿದ್ದರು. ಎಂಜಿನ್ ಹೊತ್ತಿಕೊಳ್ಳಬಾರದು, ಬರೀ ಸ್ಟಾರ್ಟರ್‌ನಲ್ಲಿ ತಿರುಗಿ ಎಣ್ಣೆ ಮೇಲೇರಬೇಕು. ಕೀ ತಿರುಗಿಸಿದೆ. ಗಿಂಡಿ ಕೆಂಪಗೆ ಕೂತಿತ್ತು. ಐದು ಸೆಕೆಂಡ್, ಬಿಡು. ಮತ್ತೆ ಐದು ಸೆಕೆಂಡ್, ಬಿಡು. ನಾಲ್ಕನೇ ಸಲಕ್ಕೆ ಆರಿತು. ಯಾರೂ ಮಾತಾಡಲಿಲ್ಲ. ಆಮೇಲೆ ಪ್ಲಗ್ ಹಾಕಿ, ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿದೆವು. ಸದ್ದೇ ಇಲ್ಲ, ಬರೀ ಗಾಳಿ ಎಳೆದುಕೊಂಡ ಹಾಗೆ. ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸಿ, 500ಕ್ಕೆ ಎಣ್ಣೆ ಬದಲಿಸಿ ಅಂದರು. ಹಾಗೇ ಮಾಡಿದೆ. ಹಳೇ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿದೆವು. ಮಿಂಚು ಇರಲಿಲ್ಲ.

ಸಾವಿರ ತುಂಬಿದ ವಾರ ಅತ್ತೆಯನ್ನು ತುಮಕೂರಿಗೆ ಕರೆದುಕೊಂಡು ಹೊರಟೆ. ಬೆಳ್ಳಿ ಕಾಲಂದುಗೆಯ ಡಬ್ಬಿ ಇನ್ನೂ ನಮ್ಮಲ್ಲೇ ಇತ್ತು. ಅವರು ಬೆಲ್ಟ್ ಹಾಕಿಕೊಂಡು ನನ್ನ ಕಡೆ ಬಗ್ಗಿದರು. ಕೀ ತಿರುಗಿಸಿದೆ. ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಸ್ಟಾರ್ಟ್ ಆಯಿತು. ಒಂದೊಂದಾಗಿ ಆರಿದವು.

"ಗಿಂಡಿ ಹೋಯ್ತು" ಅಂದರು ಅತ್ತೆ. "ಆ ಹಳದೀದೂ ಇಲ್ಲ. ಹೊರಡಮ್ಮ ಇನ್ನ."